ಪೀಠವನ್ನು ಬಿಡುವಾತನ ಲೆಕ್ಕ

ಅಧಿಕಾರವನ್ನು ವಹಿಸಿಕೊಳ್ಳುವ ದಿನ ಮನುಷ್ಯನು ಆಡುವ ಮಾತಿಗಿಂತ ಅದನ್ನು ಒಪ್ಪಿಸಿ ಹೊರಡುವ ದಿನ ಆಡಬೇಕಾದ ಮಾತು ಹೆಚ್ಚು ಕಷ್ಟವಾದದ್ದು. ವಹಿಸಿಕೊಳ್ಳುವಾಗ ಆತನು ಕೊಡುವುದು ಭರವಸೆ. ಒಪ್ಪಿಸುವಾಗ ಕೊಡಬೇಕಾದದ್ದು ಲೆಕ್ಕ. ದೇವಸ್ಥಾನದ ಪಾರುಪತ್ಯಗಾರನು ಹೊಸಬನಿಗೆ ಬೊಕ್ಕಸದ ಬೀಗದ ಕೈಯನ್ನು ಕೊಡುವಾಗ ಒಡವೆಗಳನ್ನು ಪಟ್ಟಿಯೊಡನೆ ತಾಳೆ ನೋಡಿ ಒಪ್ಪಿಸುತ್ತಾನೆ. ಅಲ್ಲಿ ವಸ್ತುವು ಕಣ್ಣಿಗೆ ಕಾಣುವಂಥದು, ತೂಕಕ್ಕೆ ಸಿಕ್ಕುವಂಥದು. ವಿದ್ವತ್ಸಭೆಯೊಂದರ ಅಧ್ಯಕ್ಷನ ಸ್ಥಿತಿಯಾದರೋ ಹಾಗಲ್ಲ. ಆತನ ಕಾಲದಲ್ಲಿ ನಡೆದುದೆಲ್ಲ ಆತನು ನಡೆಸಿದ್ದಲ್ಲ. ಆತನು ನಡೆಸಿದ್ದರ ಫಲವೆಲ್ಲ ಆತನ ಕಾಲದಲ್ಲಿ ಕಾಣುವುದೂ ಇಲ್ಲ. ಹೀಗಿರುವಲ್ಲಿ, ಸಂಸ್ಥೆಯ ಸಿದ್ಧಿಗಳನ್ನು ಎಣಿಸಿ ಹೇಳುವ ಅಧ್ಯಕ್ಷನು ಯಾವುದನ್ನು ಜಮೆಗೆ ಬರೆಯಬಹುದು, ಯಾವುದನ್ನು ಖರ್ಚಿಗೆ ಬರೆಯಬೇಕು, ಯಾರ ಹೆಸರಿನಲ್ಲಿ ಬರೆಯಬೇಕು ಎಂಬುದು ಬರಿಯ ಸಭಾಮರ್ಯಾದೆಯ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಈ ಪ್ರಶ್ನೆಯನ್ನು ವಿಚಾರಮಾಡಲು ಲಂಡನಿನ ರಾಯಲ್ ಸೊಸೈಟಿಯ ಚರಿತ್ರೆಯಲ್ಲಿ ಒಳ್ಳೆಯ ಸಾಮಗ್ರಿಯುಂಟು. 1660ನೆಯ ಇಸವಿಯ ನವೆಂಬರಿನಲ್ಲಿ ಹುಟ್ಟಿ 1662ರಲ್ಲಿ ರಾಜಶಾಸನವನ್ನು ಪಡೆದ ಈ ಸಂಘವು ಯಾರೊಬ್ಬರ ಮಾತನ್ನೂ ಬರಿಯ ಮಾತೆಂಬ ಕಾರಣಕ್ಕೆ ನಂಬತಕ್ಕದ್ದಲ್ಲವೆಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು ತನ್ನ ಬಿರುದಾಗಿ ಇಟ್ಟುಕೊಂಡಿದೆ. ಪ್ರತಿವರ್ಷವೂ ನವೆಂಬರ್ 30ರಂದು ಅದರ ವಾರ್ಷಿಕ ಸಭೆ. ಅಧ್ಯಕ್ಷನು ಅಂದು ಉಪನ್ಯಾಸಮಾಡುವುದು ರೂಢಿ. 1873ರಿಂದ 1878ರವರೆಗೆ ಅಧ್ಯಕ್ಷರಾಗಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಅವರಿಂದ ಈಚೆಗೆ ಯಾರೂ ಒಂದೇ ಸಲಕ್ಕೆ ಐದು ವರ್ಷಗಳಿಗಿಂತ ಹೆಚ್ಚು ಕಾಲ ಆ ಪೀಠದಲ್ಲಿ ಕುಳಿತಿಲ್ಲ. ಆದುದರಿಂದ ಅಲ್ಲಿ ಹೊರಡುವ ಅಧ್ಯಕ್ಷನ ಕೊನೆಯ ಮಾತು ಸೋಲಿನಿಂದಲೋ ಮುಪ್ಪಿನಿಂದಲೋ ಬಂದ ಮಾತಾಗಿರಬೇಕಿಲ್ಲ. ಅವಧಿ ತುಂಬಿದ ಮಾತಾಗಿರಬಹುದು.

ಅಂಥ ಕೊನೆಯ ಮಾತುಗಳಲ್ಲಿ 1945ನೆಯ ಇಸವಿಯ ನವೆಂಬರಿನಲ್ಲಿ ಸರ್ ಹೆನ್ರಿ ಡೇಲ್ ಅವರು ಆಡಬೇಕಾಗಿ ಬಂದುದಕ್ಕಿಂತ ಭಾರವಾದದ್ದು ವಿರಳ. ಡೇಲ್ ಅವರು ವೈದ್ಯವಿಜ್ಞಾನಿಗಳು. ನರದ ಪ್ರೇರಣೆಯು ಒಂದು ಜೀವಕಣದಿಂದ ಇನ್ನೊಂದಕ್ಕೆ ರಾಸಾಯನಿಕ ದ್ರವ್ಯದ ಮೂಲಕ ದಾಟುವುದೆಂಬುದನ್ನು ತೋರಿಸಿದುದಕ್ಕಾಗಿ 1936ರಲ್ಲಿ ಆಟೋ ಲೋವಿ ಅವರೊಡನೆ ನೊಬೆಲ್ ಬಹುಮಾನವನ್ನು ಪಡೆದವರು. 1940ರಲ್ಲಿ ಅವರು ಅಧ್ಯಕ್ಷರಾದಾಗ ಲಂಡನಿನ ಮೇಲೆ ಬಾಂಬುಗಳು ಬೀಳುತ್ತಿದ್ದುವು. 1945ರಲ್ಲಿ ಪೀಠವನ್ನು ಬಿಟ್ಟಾಗ ಹಿರೋಷಿಮಾ ನಾಗಸಾಕಿಗಳು ಬೂದಿಯಾಗಿ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ವಿಜ್ಞಾನಕ್ಕೆ ಅಷ್ಟು ಕೀರ್ತಿಯನ್ನೂ ಅಷ್ಟು ಅಂಜಿಕೆಯನ್ನೂ ತಂದ ಐದು ವರ್ಷಗಳು ಮತ್ತೊಮ್ಮೆ ಒಟ್ಟಾಗಿ ಬಂದಿಲ್ಲ. ಅವರ ಮುಂದಿದ್ದ ಲೆಕ್ಕದ ಪುಸ್ತಕವನ್ನು ಒಂದೊಂದು ಪುಟವಾಗಿ ತಿರುವಿ ನೋಡಿದರೆ ಮೇಲಿನ ಪ್ರಶ್ನೆಯ ತೊಡಕುಗಳೆಲ್ಲ ತಾವಾಗಿಯೇ ಎದ್ದು ಕಾಣುವುವು.

ಮೊದಲನೆಯ ಪುಟ ಸಂತೋಷದ್ದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಕಣ್ಣಿಗೆ ಬಿದ್ದಿದ್ದ ಒಂದು ಬೂಷ್ಟಿನ ರಸವನ್ನು ಆಕ್ಸ್‌ಫರ್ಡಿನಲ್ಲಿ ಹೊವರ್ಡ್ ಫ್ಲೋರಿ ಮತ್ತು ಅರ್ನ್ಸ್ಟ್ ಚೇನ್ ಅವರು ಶುದ್ಧಿಮಾಡಿ, 1940ರ ಮೇ ತಿಂಗಳಲ್ಲಿ ರೋಗಾಣುಗಳನ್ನು ಚುಚ್ಚಿದ ಇಲಿಗಳ ಮೇಲೆ ಪರೀಕ್ಷಿಸಿದರು. ಮದ್ದು ಕೊಟ್ಟ ಇಲಿಗಳು ಬದುಕಿದುವು, ಕೊಡದವು ಸತ್ತುವು. 1941ರ ಫೆಬ್ರುವರಿಯಲ್ಲಿ ಆ ಮದ್ದನ್ನು ಪಡೆದ ಒಬ್ಬ ಪೊಲೀಸಿನವನು ಕೆಲವು ದಿನಗಳಲ್ಲಿಯೇ ಚೇತರಿಸಿಕೊಂಡನು. ಆದರೆ ಮದ್ದು ಮುಗಿದುಹೋಯಿತು. ಆತನ ಮೂತ್ರದಿಂದ ಮದ್ದನ್ನು ಮರಳಿ ತೆಗೆದು ಕೊಟ್ಟರೂ ಸಾಲದೆ ಮಾರ್ಚಿಯಲ್ಲಿ ಆತನು ತೀರಿಕೊಂಡನು. ಯುದ್ಧ ಮುಗಿಯುವ ವೇಳೆಗೆ ಅದೇ ಪೆನಿಸಿಲಿನ್ನು ಅಸಂಖ್ಯಾತ ಗಾಯಾಳುಗಳಿಗೆ ಸಾಕಾಗುವಷ್ಟು ತಯಾರಾಗುತ್ತಿತ್ತು. 1945ರಲ್ಲಿ ಆ ಮೂವರಿಗೂ ನೊಬೆಲ್ ಬಹುಮಾನವು ಬಂದಿತು. ಫ್ಲೋರಿ ಅವರು 1941ರಲ್ಲಿಯೂ ಫ್ಲೆಮಿಂಗ್ ಅವರು 1943ರಲ್ಲಿಯೂ ರಾಯಲ್ ಸೊಸೈಟಿಯ ಸದಸ್ಯರಾಗಿ ಆರಿಸಲ್ಪಟ್ಟಿದ್ದರು. ಅಧ್ಯಕ್ಷನಾದವನು ಇದನ್ನು ತನ್ನ ಕಾಲದ ಸಿದ್ಧಿಯೆಂದು ಹೇಳಿಕೊಂಡರೆ ಆಕ್ಷೇಪಿಸುವವರು ಯಾರು?

ಆದರೆ ಒಂದು ಮಾತನ್ನು ಗಮನಿಸಬೇಕು. ಬೂಷ್ಟನ್ನು ಬೆಳೆಯಿಸಲು ಪಾತ್ರೆಗಳು ಸಿಕ್ಕದಿದ್ದಾಗ ಆಸ್ಪತ್ರೆಯ ಮಲಪಾತ್ರೆಗಳನ್ನೇ ತಂದು ಉಪಯೋಗಿಸಿ, ಆಮೇಲೆ ಅದೇ ಮಾದರಿಯಲ್ಲಿ ಪಿಂಗಾಣಿಯ ಪಾತ್ರೆಗಳನ್ನು ಮಾಡಿಸಿ, ರಸದಿಂದ ಮದ್ದನ್ನು ಬೇರ್ಪಡಿಸುವ ಉಪಾಯವನ್ನು ಹೂಡಿದವರು ನಾರ್ಮನ್ ಹೀಟ್ಲಿ ಎಂಬ ತರುಣರು. ಪ್ರತಿದಿನವೂ ಆ ಪಾತ್ರೆಗಳನ್ನು ನೋಡಿಕೊಳ್ಳುತ್ತಿದ್ದವರು ಕೂಲಿಗೆ ಸೇರಿಸಿಕೊಂಡ ಕೆಲವು ಮಂದಿ ಹುಡುಗಿಯರು. ಹೀಟ್ಲಿ ಅವರಿಗೆ ಬಹುಮಾನವೂ ಬರಲಿಲ್ಲ, ಸಂಘದ ಸದಸ್ಯತ್ವವೂ ಬರಲಿಲ್ಲ. 1990ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಗೌರವ ವೈದ್ಯ ಪದವಿಯನ್ನು ಕೊಟ್ಟಾಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಒಂದು ಸಿದ್ಧಿಯನ್ನು ಸಂಸ್ಥೆಯ ಹೆಸರಿಗೆ ಬರೆಯುವುದು ಎಷ್ಟು ಸುಲಭವೋ, ಆ ಬರವಣಿಗೆಯ ಕೆಳಗೆ ಎಷ್ಟು ಹೆಸರುಗಳು ಮುಚ್ಚಿಹೋಗುವುವೆಂಬುದನ್ನು ನೆನೆಯುವುದು ಅಷ್ಟು ಕಷ್ಟ.

ಹಾಗಾದರೆ ಅಧ್ಯಕ್ಷನಿಗೆ ಸಲ್ಲುವ ಪಾಲು ಏನೂ ಇಲ್ಲವೆ? ಉಂಟು, ಅದು ಕೆರೆಯ ಕಟ್ಟೆಯನ್ನು ಕಾಯುವ ನೀರಗಂಟಿಯ ಪಾಲಿನಂಥದು. ಮಳೆಯನ್ನು ಸುರಿಸಿದವನು ನೀರಗಂಟಿಯಲ್ಲ. ಗದ್ದೆಯನ್ನು ಉತ್ತವನೂ ಅವನಲ್ಲ. ಒಳ್ಳೆಯ ಬೆಳೆ ಬಂದಾಗ ಅವನು ಕಣದಲ್ಲಿ ನಿಂತು ಇದು ನನ್ನ ಬೆಳೆಯೆಂದರೆ ಊರವರು ನಗುತ್ತಾರೆ. ಆದರೆ ತೂಬನ್ನು ಹೊತ್ತಿಗೆ ಸರಿಯಾಗಿ ಎತ್ತಿದವನು, ನೀರು ಒಬ್ಬನ ಗದ್ದೆಗೇ ಹರಿಯದಂತೆ ನೋಡಿಕೊಂಡವನು, ಕಟ್ಟೆಯಲ್ಲಿ ಬಿರುಕು ಕಂಡ ರಾತ್ರಿಯೇ ಮಣ್ಣು ಹೊತ್ತವನು ಅವನು. ವಿದ್ವತ್ಸಭೆಯು ವಿದ್ಯೆಯನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ವಿದ್ಯೆಯನ್ನು ಪರೀಕ್ಷಿಸುತ್ತದೆ, ಪ್ರಕಟಿಸುತ್ತದೆ, ಅರ್ಹರನ್ನು ಗುರುತಿಸುತ್ತದೆ, ಪಕ್ಷಪಾತವಿಲ್ಲದ ಜಗುಲಿಯೊಂದನ್ನು ಒದಗಿಸುತ್ತದೆ. ಈ ನಾಲ್ಕು ಕೆಲಸಗಳು ನ್ಯಾಯವಾಗಿ ನಡೆದುವೆ ಎಂಬುದೇ ಅಧ್ಯಕ್ಷನ ಲೆಕ್ಕದ ಮುಖ್ಯ ಬಾಬು. ಉಳಿದುದೆಲ್ಲವೂ ಅವನ ಕಾಲದ ಭಾಗ್ಯವೇ ಹೊರತು ಅವನ ಸಂಪಾದನೆಯಲ್ಲ.

ಈ ಭೇದವನ್ನು ಮರೆತರೆ ಆಗುವ ಹಾನಿಗೆ ಅದೇ ಸಂಘದ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಐಸಾಕ್ ನ್ಯೂಟನ್ನನು 1703ರಿಂದ 1727ರಲ್ಲಿ ಸಾಯುವವರೆಗೂ ಅದರ ಅಧ್ಯಕ್ಷನಾಗಿದ್ದನು. ಕಲನಗಣಿತವನ್ನು ಮೊದಲು ಕಂಡುಹಿಡಿದವರು ನ್ಯೂಟನ್ನನೋ ಜರ್ಮನಿಯ ಲೈಬ್ನಿಟ್ಸನೋ ಎಂಬ ವಿವಾದವು ಬೆಳೆದಾಗ, ಲೈಬ್ನಿಟ್ಸನು ತಾನೂ ಆ ಸಂಘದ ಸದಸ್ಯನೆಂಬ ನಂಬಿಕೆಯಿಂದ ಅದರ ಬಳಿಯೇ ನ್ಯಾಯವನ್ನು ಕೇಳಿದನು. 1712ರಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ತೀರ್ಪು ಸಂಪೂರ್ಣವಾಗಿ ನ್ಯೂಟನ್ನನ ಪರವಾಗಿತ್ತು. ಅದನ್ನು ಬರೆದ ಕೈಯೂ ನ್ಯೂಟನ್ನನದೇ ಎಂಬುದು ಆಮೇಲೆ ತಿಳಿದುಬಂದ ಸಂಗತಿ. ಇಬ್ಬರೂ ಸ್ವತಂತ್ರವಾಗಿಯೇ ಆ ಗಣಿತವನ್ನು ಕಂಡುಕೊಂಡರೆಂಬುದು ಇಂದು ಸರ್ವಸಮ್ಮತ. ಪ್ರಪಂಚದ ಅತ್ಯಂತ ದೊಡ್ಡ ಬುದ್ಧಿಯು ಪೀಠದಲ್ಲಿ ಕುಳಿತಿದ್ದರೂ, ಪೀಠವನ್ನು ತನ್ನದೆಂದು ಬಗೆದ ಗಳಿಗೆಯಲ್ಲಿ ಸಂಘವು ನ್ಯಾಯಸ್ಥಾನವಾಗಿ ಉಳಿಯಲಿಲ್ಲ. ಅಧ್ಯಕ್ಷನ ಪ್ರತಿಭೆ ಅಧ್ಯಕ್ಷತೆಯ ದೋಷಕ್ಕೆ ಪ್ರಾಯಶ್ಚಿತ್ತವಾಗಲಾರದು.

ಡೇಲ್ ಅವರ ಲೆಕ್ಕದ ಎರಡನೆಯ ಪುಟ ಇನ್ನೊಂದು ಬಗೆಯದು. 1945ರ ಮಾರ್ಚಿಯಲ್ಲಿ ರಾಯಲ್ ಸೊಸೈಟಿಯು ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಇಬ್ಬರು ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿತು. ಒಬ್ಬರು ಸ್ಫಟಿಕಶಾಸ್ತ್ರದ ಕ್ಯಾಥ್ಲೀನ್ ಲಾನ್ಸ್‌ಡೇಲ್. ಬೆನ್ಜೀನಿನ ಉಂಗುರವು ಚಪ್ಪಟೆಯಾದದ್ದೆಂಬುದನ್ನು 1929ರಲ್ಲಿ ಕ್ಷ-ಕಿರಣಗಳಿಂದ ಸಿದ್ಧಪಡಿಸಿ ತೋರಿಸಿದವರು. ಇನ್ನೊಬ್ಬರು ಸೂಕ್ಷ್ಮಾಣುಗಳ ಜೀವರಸಾಯನವನ್ನು ಶೋಧಿಸಿದ ಮಾರ್ಜರಿ ಸ್ಟೀಫನ್‌ಸನ್. ಇನ್ನೂರೆಂಬತ್ತೈದು ವರ್ಷಗಳ ಬಾಗಿಲು ಅಂದು ತೆರೆಯಿತು. ಇದು ಸಿದ್ಧಿಯೇ?

ಇದಕ್ಕೆ ಉತ್ತರಕೊಡುವ ಮೊದಲು 1902ನೆಯ ಇಸವಿಯನ್ನು ನೆನೆಯಬೇಕು. ವಿದ್ಯುತ್ತಿನ ಕಮಾನುದೀಪದ ವಿಷಯದಲ್ಲಿ ಪ್ರಮಾಣಭೂತವಾದ ಶೋಧನೆಗಳನ್ನು ನಡೆಸಿದ್ದ ಹರ್ತಾ ಏರ್ಟನ್ ಎಂಬಾಕೆಯ ಹೆಸರು ಆ ವರ್ಷ ಸದಸ್ಯತ್ವಕ್ಕೆ ಸೂಚಿತವಾಯಿತು. ವಿವಾಹಿತೆಯಾದ ಸ್ತ್ರೀಗೆ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕವಾದ ಸ್ಥಾನವಿಲ್ಲವಾದುದರಿಂದ ಆಕೆಯನ್ನು ಆರಿಸಲಾಗದೆಂದು ಸಂಘವು ತಳ್ಳಿಹಾಕಿತು. 1906ರಲ್ಲಿ ಅದೇ ಸಂಘವು ಆಕೆಗೆ ತನ್ನ ಹ್ಯೂಸ್ ಪದಕವನ್ನು ಕೊಟ್ಟಿತು. ಕೆಲಸವು ಪದಕಕ್ಕೆ ತಕ್ಕದ್ದು, ಕೆಲಸಮಾಡಿದಾಕೆ ಸದಸ್ಯತ್ವಕ್ಕೆ ತಕ್ಕವಳಲ್ಲ! ಏರ್ಟನ್ 1923ರಲ್ಲಿ ತೀರಿಕೊಂಡರು. ಬಾಗಿಲು ತೆರೆದುದು ಆಮೇಲೆ ಇಪ್ಪತ್ತೆರಡು ವರ್ಷಗಳಿಗೆ.

ಹೀಗಿರುವಾಗ 1945ರ ಆಯ್ಕೆಯನ್ನು ದಾನದಂತೆ ಹೇಳಿಕೊಳ್ಳುವುದು ನ್ಯಾಯವಲ್ಲ. ಅದು ಸಾಲದ ತೀರುವಳಿ. ಸಾಲವನ್ನು ತೀರಿಸಿದವನನ್ನು ದಾನಶೂರನೆಂದು ಹೊಗಳುವ ಪದ್ಧತಿ ಯಾವ ಊರಿನಲ್ಲಿಯೂ ಇಲ್ಲ. ಇಲ್ಲಿ ಒಂದು ಪ್ರತಿವಾದವುಂಟು. ನಲವತ್ತು ವರ್ಷ ಯಾರೂ ತೀರಿಸದೆ ಬಿಟ್ಟ ಸಾಲವನ್ನು ಒಬ್ಬನು ತೀರಿಸಿದರೆ, ತೀರಿಸದವರಿಗಿಂತ ಆತನು ಮೇಲಲ್ಲವೆ? ಈ ವಾದದಲ್ಲಿ ಹುರುಳಿದೆ. ತಂದೆಯ ಸಾಲವನ್ನು ಮಗನು ತೀರಿಸಿದರೆ ಮಗನ ನಡತೆಯನ್ನು ಮೆಚ್ಚಬೇಕಾದದ್ದೇ. ಆದರೆ ಮೆಚ್ಚುಗೆ ಮಗನಿಗೆ ಸಲ್ಲುವುದೇ ಹೊರತು ಮನೆತನಕ್ಕಲ್ಲ. ಮನೆತನದ ಪುಸ್ತಕದಲ್ಲಿ ಸಾಲ ಮಾಡಿದ ತಾರೀಖೂ ತೀರಿಸಿದ ತಾರೀಖೂ ಎರಡೂ ಇರಬೇಕು. ಲಾನ್ಸ್‌ಡೇಲ್ ಅವರ ಹೆಸರನ್ನು ಮುಂದಿಟ್ಟವರು ವಿಲಿಯಂ ಆಸ್ಟ್‌ಬರಿ ಎಂಬ ಸದಸ್ಯರು. ನಿಯಮದ ತಿದ್ದುಪಡಿಗೆ ಒಪ್ಪಿ ಮತಕೊಟ್ಟವರು ಸಾಮಾನ್ಯ ಸದಸ್ಯರು. ಅಧ್ಯಕ್ಷನು ಈ ಸಂಗತಿಯನ್ನು ಹೇಳುವಾಗ ಹರ್ಷದೊಡನೆ ಸ್ವಲ್ಪ ಲಜ್ಜೆಯೂ ಬೆರೆತಿದ್ದರೆ ಮಾತಿಗೆ ತೂಕ ಬರುವುದು.

ಲಾನ್ಸ್‌ಡೇಲ್ ಅವರ ವಿಷಯದಲ್ಲಿ ಇನ್ನೊಂದು ಸಂಗತಿಯೂ ವಿಚಾರಾರ್ಹವಾದದ್ದು. ಆಕೆ ಕ್ವೇಕರ್ ಪಂಥಕ್ಕೆ ಸೇರಿ ಯುದ್ಧವನ್ನು ಧರ್ಮವಿರುದ್ಧವೆಂದು ನಂಬಿದವರು. ಯುದ್ಧಕಾಲದ ರಕ್ಷಣಾಕಾರ್ಯಕ್ಕೆ ಹೆಸರು ನೋಂದಾಯಿಸಲು ಒಪ್ಪದೆ, ವಿಧಿಸಿದ ದಂಡವನ್ನೂ ತೆರದೆ, 1943ರಲ್ಲಿ ಒಂದು ತಿಂಗಳು ಹಾಲೋವೇ ಸೆರೆಮನೆಯಲ್ಲಿದ್ದರು. ಎರಡು ವರ್ಷ ತುಂಬುವ ಹೊತ್ತಿಗೆ, ಯುದ್ಧವಿನ್ನೂ ನಡೆಯುತ್ತಿರುವಾಗಲೇ, ರಾಜನ ಹೆಸರನ್ನು ಹೊತ್ತ ಸಂಘವು ಆಕೆಯನ್ನು ಆರಿಸಿತು. ವಿದ್ಯೆಯ ಯೋಗ್ಯತೆಯನ್ನು ಅಳೆಯುವಾಗ ರಾಜಕೀಯದ ಮನಸ್ತಾಪವನ್ನು ತಕ್ಕಡಿಗೆ ಹಾಕದೆ ಇದ್ದುದು, ಜಗುಲಿಯನ್ನು ಪಕ್ಷಪಾತವಿಲ್ಲದೆ ಕಾಯ್ದುದಕ್ಕೆ ನಿಜವಾದ ಸಾಕ್ಷಿ. ಅದೇ ಐದು ವರ್ಷಗಳಲ್ಲಿ, ಆಳುವ ದೇಶಕ್ಕೂ ಆಳಿಸಿಕೊಳ್ಳುವ ದೇಶಕ್ಕೂ ವೈಮನಸ್ಯವು ಪರಾಕಾಷ್ಠೆಗೇರಿದ್ದ ಕಾಲದಲ್ಲಿ, ಹೋಮಿ ಭಾಭಾ 1941ರಲ್ಲಿಯೂ ಶಾಂತಿಸ್ವರೂಪ ಭಟ್ನಾಗರ್ 1943ರಲ್ಲಿಯೂ ಸುಬ್ರಹ್ಮಣ್ಯನ್ ಚಂದ್ರಶೇಖರ್ 1944ರಲ್ಲಿಯೂ ಪ್ರಶಾಂತಚಂದ್ರ ಮಹಾಲನೋಬಿಸ್ 1945ರಲ್ಲಿಯೂ ಆರಿಸಲ್ಪಟ್ಟರು. ಭಾಭಾ ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದರು. ಪೆನಿಸಿಲಿನ್ನಿಗಿಂತ ಇಂಥವನ್ನು ಅಧ್ಯಕ್ಷನು ತನ್ನ ಲೆಕ್ಕಕ್ಕೆ ಬರೆದುಕೊಂಡರೆ ಹೆಚ್ಚು ಸರಿಯಾಗುವುದು. ಏಕೆಂದರೆ ಅದು ಸಂಘವೇ ಮಾಡಿದ ಕೆಲಸ.

ಮೂರನೆಯ ಪುಟವು ಎಲ್ಲಕ್ಕಿಂತ ಕಠಿನವಾದದ್ದು. 1940ರ ಫೆಬ್ರುವರಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಎಂಬವರು ರಾಡಾರಿಗೆ ಪ್ರಬಲವಾದ ಕಿರು ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಉಪಕರಣವನ್ನು ರಚಿಸಿದರು. ಅದೇ ವಿಶ್ವವಿದ್ಯಾನಿಲಯದಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಹಿಟ್ಲರನ ದೆಸೆಯಿಂದ ನೆಲೆ ತಪ್ಪಿ ಬಂದಿದ್ದ ಆಟೋ ಫ್ರಿಶ್ ಮತ್ತು ರುಡಾಲ್ಫ್ ಪಯರ್ಲ್ಸ್ ಅವರು ಕೆಲವೇ ಕಿಲೋಗ್ರಾಂ ತೂಕದ ಯುರೇನಿಯಮ್ಮಿನಿಂದ ಅಣುಬಾಂಬನ್ನು ಮಾಡಬಹುದೆಂದು ಲೆಕ್ಕಹಾಕಿ ಸರಕಾರಕ್ಕೆ ಬರೆದು ತಿಳಿಸಿದರು. ಒಂದು ಗುರಾಣಿ, ಒಂದು ಸಿಡಿಲು. ಎರಡೂ ಒಂದೇ ಅಂಗಳದಲ್ಲಿ ಹುಟ್ಟಿದುವು. ಅಧ್ಯಕ್ಷನು ಗುರಾಣಿಯನ್ನು ಮಾತ್ರ ಎಣಿಸಿ ಸಿಡಿಲನ್ನು ಬಿಡಬಹುದೆ? ಬಾಂಬನ್ನು ಮಾಡಿದವರು ಬೇರೆ, ಹಾಕಿದವರು ಬೇರೆ, ವಿಜ್ಞಾನವು ನಿರ್ದೋಷಿ ಎಂದು ಹೇಳುವವರುಂಟು. ಆದರೆ ಈ ವಾದವನ್ನು ಹೂಡುವವರು ಅದನ್ನು ಎರಡು ಕಡೆಗೂ ಅನ್ವಯಿಸಬೇಕು. ಮದ್ದಿನಿಂದ ಬದುಕಿದವರ ಪುಣ್ಯದಲ್ಲಿ ವಿಜ್ಞಾನಕ್ಕೆ ಪಾಲಿದ್ದರೆ ಬಾಂಬಿನಿಂದ ಸತ್ತವರ ಪಾಪದಲ್ಲಿಯೂ ಪಾಲಿದೆ. ಇದರಲ್ಲಿ ಇಲ್ಲವಾದರೆ ಅದರಲ್ಲಿಯೂ ಇಲ್ಲ. ಲಾಭವಾದಾಗ ಪಾಲುದಾರನಾಗಿ ನಷ್ಟವಾದಾಗ ದಾರಿಹೋಕನಾಗುವುದು ವ್ಯಾಪಾರದಲ್ಲಿಯೂ ಸಲ್ಲದ ನಡತೆ.

ಡೇಲ್ ಅವರಿಗೆ ದಾರಿಹೋಕರಾಗುವ ಅವಕಾಶವೂ ಇರಲಿಲ್ಲ. ಅವರು ಯುದ್ಧಮಂತ್ರಿಮಂಡಲಕ್ಕೆ ಸಲಹೆಕೊಡುವ ವಿಜ್ಞಾನ ಸಮಿತಿಯಲ್ಲಿದ್ದರು; 1942ರಿಂದ ಅದರ ಅಧ್ಯಕ್ಷರೂ ಆಗಿದ್ದರು. ಬಾಂಬಿನ ಗುಟ್ಟನ್ನು ಬಲ್ಲ ಕೆಲವರಲ್ಲಿ ಅವರೂ ಒಬ್ಬರು. ಈ ಗುಟ್ಟು ಒಂದೆರಡು ರಾಷ್ಟ್ರಗಳಲ್ಲಿಯೇ ಉಳಿದರೆ ಮುಂದೆ ಶಸ್ತ್ರಗಳ ಪೈಪೋಟಿ ತಪ್ಪದೆಂದು ಡೆನ್ಮಾರ್ಕಿನ ನೀಲ್ಸ್ ಬೋರ್ ಅವರು ಕಂಡಾಗ, ಬೋರ್ ಅವರ ಮಾತನ್ನು ಕೇಳಬೇಕೆಂದು ಚರ್ಚಿಲ್ಲರನ್ನು ಒತ್ತಾಯಪಡಿಸಿದವರಲ್ಲಿ ಡೇಲ್ ಒಬ್ಬರು. 1944ರ ಮೇ ತಿಂಗಳಲ್ಲಿ ಆ ಭೇಟಿ ನಡೆಯಿತು, ಫಲಿಸಲಿಲ್ಲ. ಪ್ರಧಾನಿಯು ಆ ಮಾತಿಗೆ ಕಿವಿಗೊಡಲೇ ಇಲ್ಲ.

ಈ ಹಿನ್ನೆಲೆಯಲ್ಲಿ, ಪೀಠವನ್ನು ಬಿಡುವ ಕಾಲದಲ್ಲಿ ಡೇಲ್ ಅವರು ವಿಜ್ಞಾನದಲ್ಲಿ ಗುಟ್ಟಿನ ಪದ್ಧತಿಯು ಶಾಂತಿಕಾಲಕ್ಕೂ ಮುಂದುವರಿಯಕೂಡದೆಂದು ಎಚ್ಚರಿಸಿದುದು ಗಮನಾರ್ಹವಾದದ್ದು. ಸ್ವಾತಂತ್ರ್ಯದ ಉಳಿವಿಗಾಗಿ ಯುದ್ಧದಲ್ಲಿ ಸಹಿಸಿದ ಕಟ್ಟುಗಳನ್ನು, ಯುದ್ಧವು ಗೆದ್ದ ಮೇಲೂ ಸಹಿಸಿದರೆ ಗೆದ್ದುದೇನೆಂಬುದು ಅವರ ವಾದದ ತಿರುಳು. ಗುಟ್ಟನ್ನು ಕಾಯ್ದವರೇ ಗುಟ್ಟನ್ನು ಖಂಡಿಸುವುದು ಸಮಂಜಸವೆ ಎಂದು ಕೇಳಬಹುದು. ಸಮಂಜಸವಾಗಬಲ್ಲದು, ಒಂದು ಷರತ್ತಿನ ಮೇಲೆ. ತಾನು ಅದರಲ್ಲಿ ಭಾಗಿಯಾಗಿದ್ದೆನೆಂಬುದನ್ನು ಮರೆಮಾಡದೆ ಹೇಳಬೇಕು. ಮದ್ಯದ ಕೆಡುಕನ್ನು ಎಂದೂ ಕುಡಿಯದವನೂ ಹೇಳಬಹುದು, ಕುಡಿದು ಬಿಟ್ಟವನೂ ಹೇಳಬಹುದು. ಕದ್ದು ಕುಡಿಯುತ್ತಿರುವವನ ಬಾಯಿಂದ ಮಾತ್ರ ಅದು ಬರಕೂಡದು.

ಮಾತಿನ ಸತ್ಯವು ತಿಳಿಯುವುದು ಪೀಠದಿಂದ ಇಳಿದ ಮೇಲೆ. ಪ್ರಪಂಚದ ಮೂಲೆಮೂಲೆಗಳಿಂದ ಬೆಳೆಗಳ ಬೀಜಗಳನ್ನು ಸಂಗ್ರಹಿಸಿದ ರಷ್ಯದ ನಿಕೊಲಾಯ್ ವಾವಿಲೋವ್ ಅವರನ್ನು ರಾಯಲ್ ಸೊಸೈಟಿಯು 1942ರಲ್ಲಿ ವಿದೇಶೀಯ ಸದಸ್ಯರನ್ನಾಗಿ ಆರಿಸಿತು. 1940ರಲ್ಲಿಯೇ ಬಂಧಿತರಾಗಿದ್ದ ಅವರು 1943ರ ಜನವರಿಯಲ್ಲಿ ಸರಾಟೊವ್ ಸೆರೆಮನೆಯಲ್ಲಿ ತೀರಿಕೊಂಡರು. ಅವರ ಅಂತ್ಯದ ವಿಷಯವಾಗಿ ಕೇಳಿದ ಪ್ರಶ್ನೆಗಳಿಗೆ ಸಂಘಕ್ಕೆ ಉತ್ತರವೇ ಬರಲಿಲ್ಲ. 1948ರಲ್ಲಿ ಲೈಸೆಂಕೋ ಎಂಬವನ ಮತವನ್ನೇ ರಷ್ಯದ ಸರಕಾರವು ಅಧಿಕೃತ ಜೀವಶಾಸ್ತ್ರವನ್ನಾಗಿ ಮಾಡಿದಾಗ, ಡೇಲ್ ಅವರು ಆ ದೇಶದ ವಿಜ್ಞಾನ ಅಕಾಡೆಮಿಯು ತಮಗಿತ್ತಿದ್ದ ಗೌರವ ಸದಸ್ಯತ್ವವನ್ನು ಹಿಂತಿರುಗಿಸಿದರು. ಆಗ ಅವರು ಅಧ್ಯಕ್ಷರಲ್ಲ. ಪೀಠದಲ್ಲಿದ್ದಾಗ ಆಡಿದ ಮಾತನ್ನು ಪೀಠವಿಲ್ಲದಾಗಲೂ ನಡೆಯಿಸಿದುದರಿಂದ, 1945ರ ಮಾತು ಬರಿಯ ವಿದಾಯದ ಅಲಂಕಾರವಾಗಿರಲಿಲ್ಲವೆಂಬುದು ಸಿದ್ಧವಾಯಿತು.

ಕೊನೆಯದಾಗಿ, ಪೀಠವನ್ನು ಬಿಡುವುದೇ ಒಂದು ಕರ್ತವ್ಯವಲ್ಲವೆ ಎಂಬ ಪ್ರಶ್ನೆಯಿದೆ. ಈ ವಿಷಯದಲ್ಲಿ ಕನ್ನಡ ನಾಡಿನ ಉದಾಹರಣೆಯೊಂದು ಕಣ್ಣೆದುರಿಗಿದೆ. 1934ರಲ್ಲಿ ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅಂದಿನಿಂದ 1970ರ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅವರೇ ಅದರ ಅಧ್ಯಕ್ಷರು. ಮೂವತ್ತಾರು ವರ್ಷಗಳ ಆ ಅಧ್ಯಕ್ಷತೆಯು ಶಿಸ್ತಿನಿಂದ ಕೂಡಿತ್ತು. ಅಕಾಡೆಮಿಯ ಪತ್ರಿಕೆಯ ಮೂಲಕ ಭಾರತದ ಶೋಧನೆಗಳು ವಿದೇಶಗಳನ್ನು ಮುಟ್ಟಿದುವು. ನೆಟ್ಟವನೇ ನೀರೆರೆಯದಿದ್ದರೆ ಸಸಿಯು ಬಾಡುವ ಕಾಲವೊಂದುಂಟು. ಸ್ಥಾಪಕನ ದೀರ್ಘಾಧಿಕಾರಕ್ಕೆ ಅದು ಸಮರ್ಥನೆಯಾಗಬಹುದು. ಆದರೆ ಮರವಾದ ಮೇಲೂ ಊರುಗೋಲನ್ನು ತೆಗೆಯದಿದ್ದರೆ ಮರವು ತನ್ನ ಬಲದಿಂದ ನಿಲ್ಲಬಲ್ಲುದೇ ಎಂಬುದು ಯಾರಿಗೂ ತಿಳಿಯದೆ ಹೋಗುತ್ತದೆ, ನೆಟ್ಟವನಿಗೆ ಕೂಡ. ರಾಮನ್ ಅವರ ತರುವಾಯವೂ ಅಕಾಡೆಮಿಯು ನಿಂತಿತು, ಬೆಳೆಯಿತು. ಈಗ ಅಲ್ಲಿ ಮೂರು ವರ್ಷಗಳಿಗೊಮ್ಮೆ ಅಧ್ಯಕ್ಷರು ಬದಲಾಗುತ್ತಾರೆ. ಅವರು ಕಟ್ಟಿದ್ದು ಗಟ್ಟಿಯಾಗಿತ್ತೆಂಬುದಕ್ಕೆ ಇದೇ ಪ್ರಮಾಣ. ಆ ಪ್ರಮಾಣವನ್ನು ಕಣ್ಣಾರೆ ನೋಡುವ ಸಂತೋಷವನ್ನು ಮಾತ್ರ ಅವರು ಪಡೆಯಲಿಲ್ಲ. ಅವಧಿ ತೀರಿದ ಕೂಡಲೆ ಹೊರಟವನಿಗೆ ಆ ಸಂತೋಷವು ದೊರೆಯುತ್ತದೆ. ಡೇಲ್ ಅವರು ಪೀಠವನ್ನು ರಾಬರ್ಟ್ ರಾಬಿನ್‌ಸನ್ ಅವರಿಗೆ ಒಪ್ಪಿಸಿದ ಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದರು.

ಇಷ್ಟು ವಿಚಾರದಿಂದ ತೇಲುವ ಸಾರಾಂಶವು ಸರಳವಾದದ್ದು. ಸಂಸ್ಥೆಯನ್ನು ಬಿಡುವ ನಾಯಕನು ಇತರರ ದುಡಿಮೆಯನ್ನು ಇತರರ ಹೆಸರಿನಲ್ಲಿಯೇ ಬರೆಯಬೇಕು. ತೀರಿಸಿದ ಸಾಲವನ್ನು ಸಾಲವೆಂದೇ ಬರೆಯಬೇಕು. ಲಾಭದಲ್ಲಿ ಪಾಲನ್ನು ಕೇಳಿದರೆ ಕೆಡುಕಿನಲ್ಲಿಯೂ ಪಾಲನ್ನು ಒಪ್ಪಬೇಕು. ಹಾಗೆ ಬರೆದಾಗ ಆತನ ಸ್ವಂತದ ಬಾಬು ಬಹಳ ಚಿಕ್ಕದಾಗಿ ಕಾಣಬಹುದು. ಅದರಿಂದ ಕುಂದೇನೂ ಇಲ್ಲ. ಈ ಮಾತು ಲಂಡನಿನ ಮಹಾಸಂಘಕ್ಕೆ ಎಷ್ಟು ಸಲ್ಲುವುದೋ ಊರಿನ ವಾಚನಾಲಯಕ್ಕೂ ಸಹಕಾರ ಸಂಘಕ್ಕೂ ಸಾಹಿತ್ಯಸಭೆಗೂ ಅಷ್ಟೇ ಸಲ್ಲುವುದು. ಮುಂದೆ ಬರುವವನು ಆ ಪುಸ್ತಕವನ್ನು ತೆರೆದು, ಹಳೆಯ ಬಾಕಿ ಎಷ್ಟು, ಕಟ್ಟೆಯಲ್ಲಿ ಬಿರುಕು ಎಲ್ಲಿ ಎಂಬುದನ್ನು ಮೊದಲನೆಯ ದಿನವೇ ತಿಳಿದುಕೊಳ್ಳುವಂತಿದ್ದರೆ, ಹೊರಟವನು ತನ್ನ ಕೆಲಸವನ್ನು ಪೂರೈಸಿದನೆಂದೇ ತಿಳಿಯಬೇಕು.